ತುರುವೇಕೆರೆ ಬಳಿಯ ಹಳೆಯ ಕ್ಯಾಂಪರ್ ಟ್ರೇಲರ್: ಕುಟುಂಬದ ಪ್ರವಾಸಕ್ಕೆ ಕೊಳ್ಳಬಹುದೇ?

ಕ್ಯಾತಸಂದ್ರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ತುರುವೇಕೆರೆ ತಾಲ್ಲೂಕಿನ ಒಂದು ತೆಂಗಿನ ತೋಟದ ಶೆಡ್ಡಿನಲ್ಲಿ ನಿಂತಿರುವ ಹಳೆಯ ಕ್ಯಾಂಪರ್ ಟ್ರೇಲರನ್ನು, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂತಹ ಗಾಡಿಯನ್ನು, ಕೊಳ್ಳುವ ಆಲೋಚನೆ ನಮ್ಮ ಮನೆಯಲ್ಲಿ ನಡೆದಿದೆ. ಈಗಿನ ಮಾಲೀಕರ ತಂದೆಯವರು 1980ರ ದಶಕದಲ್ಲಿ ಬೆಂಗಳೂರಿನ ಬಾಡಿ ಕಟ್ಟುವವರಿಂದ ಅದನ್ನು ಮಾಡಿಸಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಜೋಗ, ಗೋಕರ್ಣದವರೆಗೆ ಹೋಗಿಬರುತ್ತಿದ್ದರಂತೆ. ಉದ್ದ ಸುಮಾರು 14 ಅಡಿ, ಒಂದೇ ಆಕ್ಸಲ್, ಎರಡು ಗಾಲಿ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಮರದ ಚೌಕಟ್ಟು ಮತ್ತು ಪ್ಲೈವುಡ್. ಮಡಚುವ ಮೇಜು, ರಾತ್ರಿ ಹಾಸಿಗೆಯಾಗುವ ಎರಡು ಬೆಂಚು, ಚಿಕ್ಕದೊಂದು ಅಡುಗೆ ಕಟ್ಟೆ, ಹಿಂಬದಿಯಲ್ಲಿ ನೀರಿನ ಟ್ಯಾಂಕು ಇವೆ. 2.75 ಲಕ್ಷ ರೂಪಾಯಿ ಹೇಳುತ್ತಿದ್ದಾರೆ.

ನಮ್ಮ ಅತ್ತೆಯವರಿಗೆ ಮಂಡಿನೋವು. ಪ್ರಯಾಣ ಎಂದರೆ ಅವರಿಗೆ ಇಷ್ಟ, ಆದರೆ ದಾರಿಯಲ್ಲಿ ಸಿಗುವ ಶೌಚಾಲಯಗಳಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದೆ, ಹೊರಟ ದಿನದಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿಬಿಡುತ್ತಾರೆ. ಇಬ್ಬರು ಮಕ್ಕಳಿದ್ದಾರೆ. ಅವರಿಗೆ ನಮ್ಮ ಜಿಲ್ಲೆಯ ಕಗ್ಗಲಡುವಿನ ಕೊಕ್ಕರೆಗಳನ್ನೂ ಮೈದನಹಳ್ಳಿಯ ಕೃಷ್ಣಮೃಗಗಳನ್ನೂ ನಸುಕಿನಲ್ಲಿ, ಅವಸರವಿಲ್ಲದೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಎಳೆಯಲು ಡೀಸೆಲ್ ಸ್ಕಾರ್ಪಿಯೊ ಇದೆ. ಕಾಗದಪತ್ರ, ಗಾಡಿಯ ಸ್ಥಿತಿ, ಎಳೆಯುವ ಸುರಕ್ಷತೆ ಇವುಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ತಿಪಟೂರಿನ ವಕೀಲ:

ಮೇಡಂ, ಮೊದಲು ಕಾಗದ, ಆಮೇಲೆ ಗಾಡಿ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ಎಂಜಿನ್ ಇಲ್ಲದಿದ್ದರೂ ಸ್ವಂತ ನೋಂದಣಿ ಇರಲೇಬೇಕು. ಎಳೆಯುವ ಕಾರಿನ ಆರ್‌ಸಿ ಟ್ರೇಲರನ್ನು ಒಳಗೊಳ್ಳುವುದಿಲ್ಲ. ಕಾಯ್ದೆಯ 61ನೇ ಕಲಮಿನಂತೆ, ಎಳೆಯುವ ವಾಹನದ ನಂಬರು ಟ್ರೇಲರಿನ ಹಿಂಭಾಗದಲ್ಲೂ ಕಾಣುವಂತಿರಬೇಕು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಮತ್ತು ಟ್ರೇಲರುಗಳನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆಯು ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆಯಾದ್ದರಿಂದ, ಮನೆಯ ಉಪಯೋಗಕ್ಕೆ ಪರ್ಮಿಟ್ಟಿನ ತಲೆನೋವಿಲ್ಲ. ಆದರೆ ಆರ್‌ಸಿಯಲ್ಲಿ ಬಾಡಿಯ ವಿಧ ಏನೆಂದು ಬರೆದಿದೆ ಎಂಬುದನ್ನು ಕಣ್ಣಾರೆ ನೋಡಿ. ಸರಕಿನ ಟ್ರೇಲರ್ ಎಂದು ನೋಂದಾಯಿಸಿ ಮೇಲೆ ಮನೆ ಕಟ್ಟಿದ್ದರೆ, ಅದು 52ನೇ ಕಲಮು ತಡೆಯುವ ಮಾರ್ಪಾಡಾಗುತ್ತದೆ.

ನೀವು ಇನ್ನೊಂದು ಮಾತನ್ನು ಸೂಚನೆಯಾಗಿ ಕೊಟ್ಟಿದ್ದೀರಿ: ಮಾಡಿಸಿದವರು ಈಗಿನ ಮಾಲೀಕರ ತಂದೆ. ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದು ಅವರು ತೀರಿಕೊಂಡಿದ್ದರೆ, ಮಗನ ಸಹಿಯಿಂದ ನಿಮ್ಮ ಹೆಸರಿಗೆ ನೇರವಾಗಿ ವರ್ಗಾವಣೆಯಾಗದು. ಮರಣ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಫಾರಂ 31ರಲ್ಲಿ ಮೊದಲು ಅವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಫಾರಂ 29 ಮತ್ತು 30ರ ಮೂಲಕ ನಿಮ್ಮ ಹೆಸರಿಗೆ ಬರುವುದು ಆ ನಂತರದ ಮಾತು. ಸಾರಿಗೆಯೇತರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಬಹುಕಾಲ ಶೆಡ್ಡಿನಲ್ಲಿದ್ದ ಗಾಡಿಯಾದ್ದರಿಂದ ಅದು ಮುಗಿದುಹೋಗಿರುವ ಸಾಧ್ಯತೆಯೇ ಹೆಚ್ಚು. ಕೆಎ ಸರಣಿಗಿಂತ ಹಿಂದಿನ ನಂಬರಾಗಿದ್ದರೆ ಸರ್ಕಾರದ ವಾಹನ್ ಎಂಬ ಗಣಕೀಕೃತ ದತ್ತಾಂಶದಲ್ಲಿ ಅದು ಸಿಗದೆಯೂ ಇರಬಹುದು. ಆಗ ಆರ್‌ಟಿಒ ಕಚೇರಿಯ ಹಳೆಯ ರಿಜಿಸ್ಟರಿನಿಂದ ಬ್ಯಾಕ್‌ಲಾಗ್ ನಮೂದು ಮಾಡಿಸಬೇಕಾಗುತ್ತದೆ.

ಈ ಕೆಲಸಗಳೆಲ್ಲ ಮಾರುವವರ ಪಾಲಿನವು. ಅವು ಮುಗಿಯುವವರೆಗೆ ಪೂರ್ತಿ ಹಣ ಕೊಡಬೇಡಿ.

ಶಿರಾದ ಕಾರು ಪ್ರಿಯ:

ಹಳೆಯ ವಾಹನಗಳಿಗೆ ಸರ್ಕಾರವು ವಿಂಟೇಜ್ ನೋಂದಣಿಯನ್ನು ತಂದಿದೆಯಲ್ಲವೇ? ಅದರಲ್ಲಿ ಮಾಡಿಸಿಕೊಂಡರೆ ಈ ನವೀಕರಣದ ತೊಂದರೆ ತಪ್ಪುವುದಿಲ್ಲವೇ?

ತಿಪಟೂರಿನ ವಕೀಲ:

ಇಲ್ಲ ಸರ್. 2021ರಲ್ಲಿ ಬಂದ ಆ ನಿಯಮ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಬದಲಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರ ವಾಹನಗಳಿಗೆ. ವಿಎ ಸರಣಿಯ ನಂಬರು ಕೊಡುತ್ತಾರೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವಂತಹ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಕುಟುಂಬದೊಂದಿಗೆ ಊರೂರು ಸುತ್ತುವವರಿಗೆ ಅದು ಒದಗುವುದಿಲ್ಲ. 1980ರ ದಶಕದ ಈ ಟ್ರೇಲರ್ ಆ ವಯಸ್ಸನ್ನು ಇನ್ನೂ ತಲುಪಿಯೂ ಇಲ್ಲ.

ಮಧುಗಿರಿಯಿಂದ ಮಿಷಿಗನ್‌ಗೆ:

ಹುಟ್ಟೂರಿನ ಕಡೆಯ ಈ ಪ್ರಶ್ನೆ ನೋಡಿ ತುಂಬ ಸಂತೋಷವಾಯಿತು. ಇಲ್ಲಿ ಹಳೆಯ ಟ್ರೇಲರುಗಳ ಮಾರುಕಟ್ಟೆ ದೊಡ್ಡದು. ನಾನೂ ನನ್ನ ಪತ್ನಿಯೂ ಹಳೆಯ ಫೈಬರ್‌ಗ್ಲಾಸ್ ಟ್ರೇಲರೊಂದನ್ನು ಇಟ್ಟುಕೊಂಡಿದ್ದೇವೆ. ಹಳೆಯ ಟ್ರೇಲರನ್ನು ಕೊಲ್ಲುವುದು ವಯಸ್ಸಲ್ಲ, ಓಡಿದ ದೂರವೂ ಅಲ್ಲ, ನೀರು. ಚಾವಣಿಯ ಸಂದು, ಕಿಟಕಿಯ ಮೂಲೆ, ದೀಪದ ತಳಗಳಿಂದ ಒಳಗಿಳಿದ ನೀರು ತಗಡಿನ ಹಿಂದೆ ಯಾರಿಗೂ ಕಾಣದಂತೆ ಮರದ ಪಟ್ಟಿಯನ್ನು ಹಿಡಿದು ಕೆಳಗಿಳಿದು, ಕೊನೆಗೆ ನೆಲದ ಪ್ಲೈವುಡ್ಡಿನ ಅಂಚಿನಲ್ಲಿ ನಿಲ್ಲುತ್ತದೆ. ಗೋಡೆ ಥಳಥಳ ಹೊಳೆಯುತ್ತಿರುವಾಗಲೂ ಒಳಗಿನ ಚೌಕಟ್ಟು ಬೆರಳಿಗೆ ಪುಡಿಯಾಗಬಹುದು.

ವಾಲಿ ಬಯಂ ಸ್ಥಾಪಿಸಿದ ಏರ್‌ಸ್ಟ್ರೀಮ್ ಕಂಪನಿಯ ಅಲ್ಯೂಮಿನಿಯಂ ಟ್ರೇಲರುಗಳು 1930ರ ದಶಕದಿಂದ ಇವೆ, ಇಲ್ಲಿ ಅವುಗಳಿಗೆ ಬಹಳ ಬೆಲೆ. ಅವುಗಳಲ್ಲೂ ನೆಲದ ಅಂಚು ಕೊಳೆತರೆ ಮೇಲಿನ ಕವಚಕ್ಕೂ ಕೆಳಗಿನ ಚಾಸಿಗೂ ಇರುವ ಹಿಡಿತ ತಪ್ಪುತ್ತದೆ. ಅದನ್ನು ಪರೀಕ್ಷಿಸಲು ಒಬ್ಬರು ಹಿಂದಿನ ಬಂಪರಿನ ಮೇಲೆ ನಿಂತು ಅದುಮಬೇಕು, ಇನ್ನೊಬ್ಬರು ಬಂಪರಿಗೂ ಕವಚಕ್ಕೂ ನಡುವಿನ ಸಂದು ಬಾಯಿ ಬಿಡುತ್ತದೆಯೇ ಎಂದು ನೋಡಬೇಕು. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಆರಂಭವಾದ ಬೋಲರ್ ಎಂಬ ಪುಟ್ಟ ಟ್ರೇಲರುಗಳು ಇಷ್ಟು ಕಾಲ ಉಳಿದುಬಂದದ್ದಕ್ಕೆ ಕಾರಣ, ಅವುಗಳ ಮೈ ಎರಡೇ ಫೈಬರ್‌ಗ್ಲಾಸ್ ಅಚ್ಚುಗಳನ್ನು ಸೇರಿಸಿ ಮಾಡಿದ್ದು. ಸಂದು ಕಡಿಮೆ, ಗೋಡೆಯೊಳಗೆ ಕೊಳೆಯುವ ಮರದ ಚೌಕಟ್ಟೂ ಇಲ್ಲ. ನಿಮ್ಮದು ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ್ದಾದ್ದರಿಂದ ಇನ್ನಷ್ಟು ಎಚ್ಚರ ಬೇಕು.

ನೋಡಲು ಹೋದಾಗ ಕಪಾಟುಗಳ ಬಾಗಿಲು ತೆರೆದು ಮೂಲೆಗಳಲ್ಲಿ ಮೂಗಿಟ್ಟು ನೋಡಿ. ಮುಗ್ಗಲು ವಾಸನೆ ಇದ್ದರೆ ಒಳಗೆ ಎಲ್ಲೋ ತೇವವಿದೆ. ಹಾಸಿಗೆಯ ಕೆಳಗಿನ ನೆಲವನ್ನು ಹೆಬ್ಬೆರಳಿನಿಂದಲೂ, ಮಾಲೀಕರು ಒಪ್ಪಿದರೆ ದಬ್ಬಳದ ಮೊನೆಯಿಂದಲೂ ಒತ್ತಿ ನೋಡಿ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಮೂಲೆ ಇದ್ದರೆ ಅಲ್ಲಿಂದಲೇ ಪರೀಕ್ಷೆಯನ್ನು ಆರಂಭಿಸಿ.

ಅಂತರಸನಹಳ್ಳಿ ವರ್ಕ್‌ಶಾಪ್:

ಮಿಷಿಗನ್ನಿನ ಸರ್ ಹೇಳಿದ್ದು ಅಕ್ಷರಶಃ ನಿಜ. ಬಸ್ಸು, ಲಾರಿಗಳ ಬಾಡಿ ಕೆಲಸದಲ್ಲಿ ನಾವು ನಿತ್ಯ ಕಾಣುವುದೂ ಅದನ್ನೇ. ಅಲ್ಯೂಮಿನಿಯಂ ತಗಡು ಕಬ್ಬಿಣದ ಆಂಗಲ್ಲನ್ನು ನೇರವಾಗಿ ಮುಟ್ಟುವಲ್ಲಿ ತೇವ ನಿಂತರೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ರಿವೆಟ್ಟುಗಳ ಸುತ್ತ ಬಿಳಿ ಪುಡಿ ಕಂಡರೆ ಗುರುತು ಮಾಡಿಕೊಳ್ಳಿ. ನೆಲ ಬದಲಾಯಿಸಬೇಕಾದರೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನೇ ಹಾಕಿಸಿ, ಹಾಕುವ ಮೊದಲು ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಅಂಟು ಕುಡಿಸಬೇಕು. ಚಾವಣಿಯ ಸಂದುಗಳಿಗೆ ಸ್ನಾನದ ಮನೆಯ ಸಿಲಿಕೋನ್ ಹಚ್ಚಬೇಡಿ. ಒಮ್ಮೆ ಅದು ಕೂತ ಜಾಗದಲ್ಲಿ ಮುಂದೆ ಬೇರೆ ಯಾವ ಸೀಲಂಟೂ ಹಿಡಿಯುವುದಿಲ್ಲ. ತಗಡಿನ ಜೋಡಣೆಯ ನಡುವೆ ಬ್ಯುಟೈಲ್ ಟೇಪು, ಮೇಲಿನಿಂದ ಪಾಲಿಯುರಿಥೇನ್ ಸೀಲಂಟು ಸರಿಯಾದ ಕ್ರಮ.

ಟಯರಿನ ಮೇಲಿನ ಗೀರುಗಳು ಇನ್ನೂ ಆಳವಾಗಿವೆ ಎಂದು ಸಮಾಧಾನಪಡಬೇಡಿ. ಪಕ್ಕದ ಗೋಡೆಯ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. 2312 ಎಂದಿದ್ದರೆ 2012ರ 23ನೇ ವಾರ ಎಂದರ್ಥ. ನಿಂತಲ್ಲೇ ನಿಂತ ಗಾಡಿಯ ಟಯರುಗಳನ್ನು ನೋಡದೆಯೇ ಬದಲಾಯಿಸಬಹುದು. ಬೇರಿಂಗ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿಸಬೇಕು, ಮೊದಲ ಓಟದಲ್ಲಿ ಸ್ವಲ್ಪ ದೂರ ಹೋಗಿ ನಿಲ್ಲಿಸಿ ಹಬ್ಬನ್ನು ಮುಟ್ಟಿ ನೋಡಬೇಕು. ಒಂದು ಗಾಲಿ ಬೆಚ್ಚಗಿದ್ದು ಇನ್ನೊಂದು ಕೈ ಸುಡುವಂತಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ.

ಎಳೆಯುವ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಮುಖ್ಯವಾದದ್ದು ಹಿಚ್ಚಿನ, ಅಂದರೆ ಟ್ರೇಲರನ್ನು ಕಾರಿಗೆ ಜೋಡಿಸುವ ಕೊಂಡಿಯ, ಮೇಲೆ ಬೀಳುವ ಭಾರ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾಗಿ ಹಿಂಭಾಗ ಭಾರವಾದರೆ, ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಎಡಬಲಕ್ಕೆ ಬಾಲ ಬೀಸಲು ತೊಡಗಿ, ಕೊನೆಗೆ ಎಳೆಯುವ ಕಾರನ್ನೇ ತಿರುಗಿಸಿಬಿಡುತ್ತದೆ. ತುಮಕೂರು–ಶಿರಾ ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗಿನ ಗಾಳಿಯೊಂದೇ ಅದನ್ನು ಆರಂಭಿಸಲು ಸಾಕು. ಇನ್ನು ತೂಕದ ಮಾತು. ಯುರೋಪಿನ ನಿಯಮದಲ್ಲಿ 750 ಕೆ.ಜಿ. ಮೀರಿದ ಟ್ರೇಲರಿಗೆ ಅದರದೇ ಬ್ರೇಕು ಕಡ್ಡಾಯ. ಆ ಲೆಕ್ಕವನ್ನು ನಾವೂ ಪಾಲಿಸುವುದು ಕ್ಷೇಮ. ನಿಮ್ಮ ಕಾರು ಎಷ್ಟನ್ನು ಎಳೆಯಬಹುದೆಂದು ಅದರ ಕೈಪಿಡಿಯಲ್ಲಿ ನೋಡಿ, ಅಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಕಂಪನಿಯನ್ನು ಲಿಖಿತವಾಗಿ ಕೇಳಿ.

ಚಿಕ್ಕನಾಯಕನಹಳ್ಳಿಯ ಪ್ರವಾಸಿ:

ಎಲ್ಲರ ಉತ್ಸಾಹಕ್ಕೆ ಅಡ್ಡಬರುವ ಉದ್ದೇಶವಿಲ್ಲ, ಆದರೂ ಹೇಳದೆ ಇರಲಾರೆ. ನಮ್ಮಲ್ಲಿ ಟ್ರೇಲರ್ ನಿಲ್ಲಿಸಿ ನೀರು, ಕರೆಂಟು ಪಡೆಯುವ ತಂಗುದಾಣಗಳು ಬಹಳ ವಿರಳ. ಕೇರಳವು 2021ರಲ್ಲಿ ಕ್ಯಾರವಾನ್, ಅಂದರೆ ಒಳಗೇ ತಂಗಬಹುದಾದ ವಾಹನಗಳ, ಪ್ರವಾಸೋದ್ಯಮ ನೀತಿಯನ್ನು ತಂದಿತಾದರೂ, ಅಲ್ಲಿಯೂ ಅದು ಬಹುಮಟ್ಟಿಗೆ ಎಂಜಿನ್ ಇರುವ ವಾಹನಗಳನ್ನು ಗಮನದಲ್ಲಿಟ್ಟು ಮಾಡಿದ್ದು. ಮೀಸಲು ಅರಣ್ಯದ ಅಂಚಿನಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ದೇವರಾಯನದುರ್ಗದ ಮೇಲಿನ ದೇವಸ್ಥಾನದ ದಾರಿಯಂತಹ ಕಡೆ ಟ್ರೇಲರ್ ಕಟ್ಟಿಕೊಂಡು ಹೋಗಿ ಎದುರಿನಿಂದ ಬಸ್ಸು ಬಂದರೆ, ಹಿಂದಕ್ಕೆ ತೆಗೆಯುವುದು ಅಭ್ಯಾಸವಿಲ್ಲದವರಿಗೆ ಬಲು ಕಷ್ಟ. ಟ್ರೇಲರನ್ನು ಎಡಕ್ಕೆ ಕಳಿಸಲು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು.

ಅತ್ತೆಯವರ ಶೌಚಾಲಯವೇ ಮುಖ್ಯ ಕಾರಣವಾದರೆ, ಥೆಟ್‌ಫರ್ಡ್ ಮಾದರಿಯ ಎತ್ತಿ ಒಯ್ಯುವ ಶೌಚಾಲಯವನ್ನೂ ಅದಕ್ಕೊಂದು ಎತ್ತರದ ಡೇರೆಯನ್ನೂ ಕಾರಿನಲ್ಲೇ ಇಟ್ಟುಕೊಳ್ಳಬಹುದು. ರಾತ್ರಿ ಹೋಂಸ್ಟೇನಲ್ಲಿ ಉಳಿದರಾಯಿತು. ಟ್ರೇಲರಿಗೆ ಸುರಿಯುವ ಹಣದಲ್ಲಿ ಎಷ್ಟೋ ವರ್ಷ ಸುಖವಾಗಿ ಸುತ್ತಬಹುದು.

ಕ್ಯಾತಸಂದ್ರದ ಶಿಕ್ಷಕಿ:

ನಿಮ್ಮ ಮಾತನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ ಅಕ್ಕ. ಡೇರೆಯ ಸಲಹೆ ಒಳ್ಳೆಯದು. ಆದರೆ ಅತ್ತೆಯವರು ಕೇಳಿದ್ದು ಹೀಗೆ: "ಕಾಲು ಹಿಡಿದುಕೊಂಡಾಗ ಮಲಗೋದೆಲ್ಲಿ? ಮಧ್ಯಾಹ್ನ ಗಂಜಿ ಕಾಯಿಸೋದೆಲ್ಲಿ?" ಹೋಂಸ್ಟೇಗೆ ಮಧ್ಯಾಹ್ನವೇ ಸೇರಿಸುವುದಿಲ್ಲ, ಹೋಟೆಲಿನ ಖಾರ ಅವರಿಗೆ ಒಗ್ಗುವುದಿಲ್ಲ. ಅವರ ಹಾಸಿಗೆ, ಅವರ ಗಂಜಿ, ಅವರ ಶೌಚಾಲಯ ಮೂರೂ ನಾವು ನಿಂತಲ್ಲಿಯೇ ಇರುವುದಾದರೆ ಅವರು ಮನಸ್ಸಾರೆ ಹೊರಡುತ್ತಾರೆ. ಘಾಟಿಗಳಿಗೆ ಟ್ರೇಲರನ್ನು ಒಯ್ಯುವ ಯೋಚನೆ ನಮಗಿಲ್ಲ. ಕೆಳಗೆ ಅನುಮತಿ ಪಡೆದು ನಿಲ್ಲಿಸಿ, ಬರಿಯ ಕಾರಿನಲ್ಲಿ ಮೇಲೆ ಹೋಗಿಬರಬಹುದು. ಟ್ರೇಲರಿನ ಈ ಅನುಕೂಲ ವ್ಯಾನಿಗಿಲ್ಲ ಎಂಬುದೇ ನಮ್ಮ ಮನೆಯವರ ವಾದ.

ಕುಣಿಗಲ್ ಎಲೆಕ್ಟ್ರಿಷಿಯನ್:

ಎರಡು ಮಾತು ಸೇರಿಸುತ್ತೇನೆ. ಓಡುವ ಟ್ರೇಲರಿನಲ್ಲಿ ಯಾರನ್ನೂ, ಅಜ್ಜಿಯವರು ಮಲಗಿ ಬರುತ್ತೇನೆಂದರೂ, ಕೂರಿಸಬೇಡಿ. ಅಡುಗೆ ಅನಿಲಕ್ಕೆ ಮನೆಯ 14.2 ಕೆ.ಜಿ. ಸಿಲಿಂಡರು ಬೇಡ, 5 ಕೆ.ಜಿ.ಯ ಚಿಕ್ಕದು ಸಾಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ, ಆದುದರಿಂದ ಗಾಳಿಕಂಡಿ ಇರಬೇಕಾದದ್ದು ಕಿಟಕಿಯ ಎತ್ತರದಲ್ಲಿ ಅಲ್ಲ, ನೆಲದ ಮಟ್ಟದಲ್ಲಿ. ಹಳೆಯ ರಬ್ಬರ್ ಕೊಳವೆಯನ್ನು ಕಿತ್ತುಹಾಕಿ ಹೊಸ ಸುರಕ್ಷಾ ಕೊಳವೆ ಹಾಕಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಒಳಗಿನ ದೀಪ, ಫ್ಯಾನುಗಳು 12 ವೋಲ್ಟಿನವಾಗಿರಲಿ. ಹೊರಗಿನಿಂದ 230 ವೋಲ್ಟ್ ತೆಗೆದುಕೊಳ್ಳುವಲ್ಲಿ ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿ ಇರಲಿ. ಮೈಯೆಲ್ಲ ತಗಡಿನ ಗಾಡಿ, ಮಕ್ಕಳು ಒದ್ದೆಗಾಲಿನಲ್ಲಿ ಮೆಟ್ಟಿಲು ಹತ್ತುತ್ತಾರೆ.

ಅಂತರಸನಹಳ್ಳಿ ವರ್ಕ್‌ಶಾಪ್:

ಮೇಡಂ, ನೋಡಲು ಹೋಗುವಾಗ ತೂಕವನ್ನೂ ಅಲ್ಲೇ ಮಾಡಿ. ನೋಂದಣಿ ಮುಗಿದಿರಬಹುದಾದ ಗಾಡಿಯನ್ನು ವೇಬ್ರಿಜ್‌ವರೆಗೆ ರಸ್ತೆಯಲ್ಲಿ ಎಳೆಯುವಂತಿಲ್ಲ. ತೋಟದ ಮನೆಯಲ್ಲಿ ಕೊಬ್ಬರಿ ಚೀಲ ತೂಗುವ ಪ್ಲಾಟ್‌ಫಾರಂ ತೂಕದ ಯಂತ್ರ ಇದ್ದೇ ಇರುತ್ತದೆ. 500 ಕೆ.ಜಿ.ಯದಾದರೆ ಸಾಕು. ಮುಂದಿನ ಕೊಂಡಿಯ ಕೆಳಗೆ ಗಟ್ಟಿ ಮರದ ತುಂಡನ್ನಿಟ್ಟು ಒಮ್ಮೆ, ಆಮೇಲೆ ಒಂದೊಂದೇ ಗಾಲಿಯನ್ನು ಅದರ ಮೇಲೆ ಹತ್ತಿಸಿ ತೂಗಿ. ಒಂದು ಗಾಲಿ ಯಂತ್ರದ ಮೇಲಿರುವಾಗ ಇನ್ನೊಂದು ಗಾಲಿಯೂ ಕೊಂಡಿಯೂ ಅಷ್ಟೇ ಎತ್ತರದ ಹಲಗೆಗಳ ಮೇಲಿರಬೇಕು, ಇಲ್ಲವಾದರೆ ಗಾಡಿ ವಾಲಿ ಲೆಕ್ಕ ತಪ್ಪುತ್ತದೆ. ನೀರಿನ ಟ್ಯಾಂಕು ಖಾಲಿ ಇರಲಿ.

ಕ್ಯಾತಸಂದ್ರದ ಶಿಕ್ಷಕಿ:

ನಮ್ಮ ಮನೆಯವರೂ ನಾನೂ ಹೋಗಿ ನೋಡಿ ಬಂದೆವು. ಆರ್‌ಸಿ ಇದೆ. ವಕೀಲರು ಊಹಿಸಿದಂತೆ ದಿವಂಗತ ತಂದೆಯವರ ಹೆಸರಿನಲ್ಲೇ ಇದೆ, ಅವಧಿ ಮುಗಿದಿದೆ. ಬಾಡಿಯ ವಿಧದ ಜಾಗದಲ್ಲಿ ಕ್ಯಾರವಾನ್ ಎಂದೇ ನಮೂದಾಗಿದೆ. ಚಾಸಿ ನಂಬರನ್ನು ಬಟ್ಟೆಯಿಂದ ಉಜ್ಜಿ ತೆಗೆದು, ಮೇಲೆ ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆದೆವು. ಆರ್‌ಸಿಯೊಂದಿಗೆ ತಾಳೆಯಾಯಿತು.

ಚಾವಣಿ ಮೇಲ್ನೋಟಕ್ಕೆ ಚೆನ್ನಾಗಿದೆ. ಆದರೆ ಹಿಂದಿನ ಎಡಮೂಲೆಯಲ್ಲಿ, ಬೆಂಚಿನ ಕೆಳಗೆ, ಎರಡು ಅಂಗೈಯಷ್ಟು ಜಾಗದಲ್ಲಿ ಪ್ಲೈವುಡ್ಡು ಕಪ್ಪಾಗಿ ಪದರ ಬಿಟ್ಟಿದೆ. ದಬ್ಬಳ ತಡೆಯಿಲ್ಲದೆ ಇಳಿಯಿತು, ಹೊರಗೆ ಎಳೆದಾಗ ಮೊನೆಯಲ್ಲಿ ಒದ್ದೆ ಹುಡಿ ಅಂಟಿಕೊಂಡಿತ್ತು. ಅದರ ನೇರ ಮೇಲೆ ಕಿಟಕಿಯ ರಬ್ಬರು ಸೀಳಿದೆ. ಉಳಿದ ಮೂರು ಮೂಲೆಗಳೂ ಗಟ್ಟಿ. ಲೀಫ್ ಸ್ಪ್ರಿಂಗಿನಲ್ಲಿ ತುಕ್ಕಿದೆ, ಮುರಿತವಿಲ್ಲ. ಟಯರುಗಳು ಬಿರುಕು ಬಿಟ್ಟಿವೆ. ಬ್ರೇಕಿನ ಡ್ರಮ್ಮುಗಳಿವೆ, ಆದರೆ ಕೇಬಲ್ಲು ಸಿಕ್ಕಿಕೊಂಡು ಅಲುಗುತ್ತಿಲ್ಲ.

ತೂಕ: ಎಡಗಾಲಿ 455, ಬಲಗಾಲಿ 435, ಕೊಂಡಿ 68 ಕೆ.ಜಿ. ಆಕ್ಸಲಿನಿಂದ ಕೊಂಡಿಗೆ 3 ಮೀಟರ್. ಟ್ಯಾಂಕು 60 ಲೀಟರಿನದು, ಆಕ್ಸಲಿಗಿಂತ 1.2 ಮೀಟರ್ ಹಿಂದಿದೆ. ಸ್ಟೆಪ್ನಿ ಮತ್ತು ಬ್ಯಾಟರಿ ಕೂಡ ಸುಮಾರು 1 ಮೀಟರ್ ಹಿಂದಿವೆ, ಎರಡೂ ಸೇರಿ 45 ಕೆ.ಜಿ.

ಅಂತರಸನಹಳ್ಳಿ ವರ್ಕ್‌ಶಾಪ್:

ಅಚ್ಚುಕಟ್ಟಾಗಿ ಅಳೆದಿದ್ದೀರಿ ಮೇಡಂ, ಈಗ ಲೆಕ್ಕ ಸುಲಭ. ಒಟ್ಟು 958 ಕೆ.ಜಿ., ಕೊಂಡಿಯ ಮೇಲೆ 68, ಅಂದರೆ ಶೇಕಡಾ 7ರ ಆಸುಪಾಸು. ಖಾಲಿ ಇರುವಾಗಲೇ ಸಾಲದು. ಟ್ಯಾಂಕು ತುಂಬಿಸಿದರೆ 60 ಕೆ.ಜಿ. ನೀರು 1.2 ಮೀಟರ್ ಹಿಂದೆ ಕೂತು, ಸನ್ನೆಕೋಲಿನ ನಿಯಮದಂತೆ ಕೊಂಡಿಯಿಂದ 24 ಕೆ.ಜಿ.ಯನ್ನು ಎತ್ತಿಬಿಡುತ್ತದೆ. ಆಗ ಕೊಂಡಿಯ ಮೇಲೆ ಉಳಿಯುವುದು 44 ಮಾತ್ರ, ಒಟ್ಟು ತೂಕ 1,018. ಶೇಕಡಾ 5ಕ್ಕೂ ಕಡಿಮೆಯಾದ ಈ ಸ್ಥಿತಿಯಲ್ಲಿ ಅದನ್ನು ಹೆದ್ದಾರಿಗೆ ಒಯ್ಯುವುದು ಅಪಾಯ.

ಪರಿಹಾರ ಕಷ್ಟದ್ದಲ್ಲ. ಟ್ಯಾಂಕನ್ನು ಆಕ್ಸಲಿಗಿಂತ 0.3 ಮೀಟರ್ ಮುಂದಕ್ಕೆ, ಬೆಂಚಿನ ಕೆಳಗೆ ತನ್ನಿ. ತುಂಬಿದ ನೀರು ಆಗ ಕೊಂಡಿಗೆ 6 ಕೆ.ಜಿ. ಸೇರಿಸಿ 74 ಆಗುತ್ತದೆ. ಬ್ಯಾಟರಿಯನ್ನೂ ಸ್ಟೆಪ್ನಿಯನ್ನೂ ಮುಂದಿನ ಎಳೆಗೊಂಡಿಯ ಚೌಕಟ್ಟಿಗೆ, ಆಕ್ಸಲಿಗಿಂತ 2 ಮೀಟರ್ ಮುಂದಕ್ಕೆ ಕಟ್ಟಿದರೆ, 45 ಕೆ.ಜಿ. 3 ಮೀಟರ್ ಸರಿದಂತಾಗಿ ಇನ್ನೂ 45 ಕೆ.ಜಿ. ಸೇರುತ್ತದೆ. 1,018ರಲ್ಲಿ 119, ಅಂದರೆ ಶೇಕಡಾ 11.7. ಪಾತ್ರೆ, ಅಕ್ಕಿ, ಹಾಸಿಗೆಗಳನ್ನು ಆಕ್ಸಲಿನ ಮೇಲೆಯೇ ಬರುವಂತೆ ಇಟ್ಟುಕೊಂಡು ಮತ್ತೆ ಒಮ್ಮೆ ತೂಗಿ. ಕಾರಿನ ಕೈಪಿಡಿ ಈ ತೂಕಕ್ಕೆ ಒಪ್ಪಬೇಕು, ಬ್ರೇಕು ಕೆಲಸ ಮಾಡಲೇಬೇಕು. ಇವೆರಡರಲ್ಲಿ ರಿಯಾಯಿತಿ ಇಲ್ಲ.

ನೆಲದ ಹಿಂಭಾಗವನ್ನೂ ಅಲ್ಲಿನ ಗೋಡೆಯನ್ನು ಕಿಟಕಿಯ ಮಟ್ಟದವರೆಗೂ ಬಿಚ್ಚಿ ಚೌಕಟ್ಟು ನೋಡದೆ ಖರ್ಚು ಹೇಳಲಾರೆ. ಕಂಡದ್ದು ಎರಡು ಅಂಗೈಯಷ್ಟಾದರೆ, ಬದಲಾಯಿಸಬೇಕಾದದ್ದು ಅದರ ಹಲವು ಪಟ್ಟು ಇರುತ್ತದೆ.

ಮಧುಗಿರಿಯಿಂದ ಮಿಷಿಗನ್‌ಗೆ:

ಒಂದೇ ಮೂಲೆ, ಕಾರಣವೂ ಕಣ್ಣೆದುರಿಗಿದೆ. ಇಷ್ಟು ವಯಸ್ಸಿನ ಗಾಡಿಗೆ ಇದು ಒಳ್ಳೆಯ ಸುದ್ದಿ. ದುರಸ್ತಿಯಲ್ಲಿ ಮೊದಲು ಕಿಟಕಿ, ಆಮೇಲೆ ನೆಲ. ನೀರು ನಿಲ್ಲಿಸದೆ ಹಾಕಿದ ಹೊಸ ಪ್ಲೈವುಡ್ಡೂ ಅದೇ ದಾರಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಪೈಪಿನಿಂದ ಚಾವಣಿಗೆ ನೀರು ಬಿಟ್ಟು, ಒಳಗೆ ಟಾರ್ಚು ಹಿಡಿದು ಒಬ್ಬರು ಕೂತು ನೋಡಲಿ.

ತಿಪಟೂರಿನ ವಕೀಲ:

ಬಾಡಿಯ ವಿಧ ಕ್ಯಾರವಾನ್ ಎಂದಿರುವುದು ನಿಮಗೆ ದೊಡ್ಡ ಅನುಕೂಲ. ಬೆಲೆಯ ಮಾತಿಗೆ ಮೊದಲು ಕರಾರನ್ನು ಬರೆಸಿ: ವಾರಸಿನ ವರ್ಗಾವಣೆ, ನವೀಕರಣ, ಬಾಕಿ ತೆರಿಗೆ ಮತ್ತು ಹಳೆಯ ವಾಹನಗಳ ಮೇಲಿನ ಹಸಿರು ತೆರಿಗೆ ಮಾರುವವರದು. ಅವು ಮುಗಿದ ದಿನವೇ ಫಾರಂ 29, 30ಕ್ಕೆ ಸಹಿ, ಆಗಲೇ ಉಳಿದ ಹಣ. ನವೀಕರಣಕ್ಕೆ ಇನ್‌ಸ್ಪೆಕ್ಟರ್ ಗಾಡಿಯನ್ನು ನೋಡಲೇಬೇಕಾದ್ದರಿಂದ, ಟಯರು ಮತ್ತು ಬ್ರೇಕಿನ ದುರಸ್ತಿ ಅದಕ್ಕಿಂತ ಮೊದಲಾಗಬೇಕು. ಅದರ ಖರ್ಚು ಯಾರದು ಎಂಬುದನ್ನೂ ಕರಾರಿನಲ್ಲೇ ಕಾಣಿಸಿ. ವರ್ಕ್‌ಶಾಪಿಗೆ ಸಾಗಿಸುವುದು ಲಾರಿಯ ಮೇಲೇ ಆಗಲಿ. ವಿಮಾ ಕಂಪನಿಗೆ ಟ್ರೇಲರಿನ ಚಾಸಿ ನಂಬರನ್ನು ಕೊಟ್ಟು, ಕಾರಿಗೆ ಜೋಡಿಸಿದಾಗಲೂ ಬಿಡಿಯಾಗಿ ನಿಂತಾಗಲೂ ರಕ್ಷಣೆ ಇದೆಯೇ ಎಂದು ಬರಹದಲ್ಲಿ ಪಡೆಯಿರಿ.

ಕ್ಯಾತಸಂದ್ರದ ಶಿಕ್ಷಕಿ:

ನಿಮ್ಮೆಲ್ಲರ ಉಪಕಾರ ದೊಡ್ಡದು. ಕಾರಿನ ಕಂಪನಿಗೆ ಎಳೆಯುವ ತೂಕದ ಬಗ್ಗೆ ಪತ್ರ ಬರೆದಿದ್ದೇವೆ. ಉತ್ತರ 1,200 ಕೆ.ಜಿ.ಗಿಂತ ಕಡಿಮೆ ಬಂದರೆ ಈ ಟ್ರೇಲರನ್ನು ಬಿಟ್ಟುಬಿಡುವುದೆಂದು ಮನೆಯಲ್ಲಿ ಒಮ್ಮತವಾಗಿದೆ. ಮಾಲೀಕರಿಗೆ 1.6 ಲಕ್ಷ ಹೇಳಿದ್ದೇವೆ, ಕಾಗದದ ಕೆಲಸ ಪೂರ್ತಿ ಅವರದು. ವಾರಸಿನ ವರ್ಗಾವಣೆಗೆ ಅಕ್ಕತಂಗಿಯರ ಸಹಿ ಬೇಕೆಂದು ತಿಳಿದ ಮೇಲೆ, ಅವರನ್ನು ಕೇಳಿ ಹೇಳುತ್ತೇನೆಂದಿದ್ದಾರೆ. ಅಲ್ಲಿಯವರೆಗೆ, ಅವರ ಒಪ್ಪಿಗೆ ಪಡೆದು, ಸೀಳಿದ ಕಿಟಕಿಯ ಮೇಲೆ ಟಾರ್ಪಾಲು ಬಿಗಿದು ಬಂದಿದ್ದೇವೆ.

ಅಂತರಸನಹಳ್ಳಿ ವರ್ಕ್‌ಶಾಪ್:

ಟಾರ್ಪಾಲು ಸುತ್ತಲೂ ಬಿಗಿಯಾಗಿದ್ದರೆ ಒಳಗಿನ ತೇವ ಹೊರಗೆ ಹೋಗದು ಮೇಡಂ. ಕೆಳಗಿನ ಅಂಚನ್ನು ಸಡಿಲ ಬಿಡಿಸಿ, ಎದುರಿನ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಲು ಮಾಲೀಕರಿಗೆ ಫೋನಿನಲ್ಲೇ ಹೇಳಿಬಿಡಿ.